ಯಂತ್ರದ ಉತ್ತರವೂ ದೂರವಾಣಿಯ ಎರಡು ಮಾರ್ಗಗಳೂ

ದೂರವಾಣಿಯಲ್ಲಿ ಮನುಷ್ಯನಿಗೆ ಬದಲಾಗಿ ಯಂತ್ರವೇ ಉತ್ತರವೀಯುವ ಏರ್ಪಾಡು ಈಗ ಸರ್ವತ್ರ ರೂಢವಾಗಿದೆ. ಅಂತಹ ಯಂತ್ರವನ್ನು ಹಳೆಯ ತಂತಿಗೆ ಜೋಡಿಸಬೇಕೋ ಇಂಟರ್‌ನೆಟ್ಟಿಗೆ ಜೋಡಿಸಬೇಕೋ ಎಂಬುದನ್ನು ಬಹುಮಂದಿ ವೆಚ್ಚದ ಲೆಕ್ಕದಿಂದಲೇ ತೀರ್ಮಾನಿಸುವರು. ಚರಿತ್ರೆಯನ್ನು ನೋಡಿದರೆ ವಿಷಯವು ಅಷ್ಟು ಸುಲಭವಾದುದಲ್ಲ.

ಅಮೆರಿಕದ ಆಲ್ಮನ್ ಸ್ಟ್ರೌಜರನು 1891ರಲ್ಲಿ ಸ್ವಯಂಚಾಲಿತ ವಿನಿಮಯಯಂತ್ರಕ್ಕೆ ಪೇಟೆಂಟು ಪಡೆದನು. ಮರುವರ್ಷವೇ ಅದು ಇಂಡಿಯಾನಾದ ಲಾ ಪೋರ್ಟಿನಲ್ಲಿ ಬಳಕೆಗೆ ಬಂದಿತು. (1948ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕೂಡ ಈ ವಿಧಾನದ ಯಂತ್ರಗಳನ್ನು ತಯಾರಿಸಿತು.) ಆದರೆ ಅಂಕೆಗಳ ಚಕ್ರವನ್ನು ತಿರುಗಿಸಿದಾಗ ಉಂಟಾಗುವ ವಿದ್ಯುತ್ಪ್ರವಾಹದ ಕಡಿತಗಳು ವಿನಿಮಯಕೇಂದ್ರದಲ್ಲಿಯೇ ಸಮಾಪ್ತವಾಗುತ್ತಿದ್ದುವು; ಆಚೆಯ ತುದಿಯನ್ನು ಮುಟ್ಟುತ್ತಿರಲಿಲ್ಲ. 1963ರಲ್ಲಿ ಬೆಲ್ ಸಂಸ್ಥೆಯು ಗುಂಡಿಗಳ ದೂರವಾಣಿಯನ್ನು ಹೊರತಂದಿತು. ಇದರಲ್ಲಿ ಪ್ರತಿಯೊಂದು ಅಂಕೆಯೂ ಎರಡು ಸ್ವರಗಳ ಜೋಡಿ. 5 ಎಂದರೆ ಸೆಕೆಂಡಿಗೆ 770 ಮತ್ತು 1336 ಕಂಪನಗಳು. ಸ್ವರವು ಮಾತಿನೊಡನೆ ಮಾತಾಗಿಯೇ ದೂರಕ್ಕೆ ಸಾಗಬಲ್ಲುದಾದ್ದರಿಂದ, ಅಲ್ಲಿರುವ ಯಂತ್ರದೊಡನೆ ಅಂಕೆಗಳಿಂದ ಸಂಭಾಷಿಸುವುದು ಸಾಧ್ಯವಾಯಿತು.

ಮಾತನ್ನು ತುಂಡುತುಂಡಾಗಿ ಗಣಕಜಾಲದಲ್ಲಿ ಕಳುಹಿಸುವ ಪ್ರಯೋಗವು 1974ರಲ್ಲಿ ಆರ್ಪಾನೆಟ್ಟಿನಲ್ಲಿ ನಡೆಯಿತು. ಸಾಮಾನ್ಯ ದೂರವಾಣಿಯ ಸಂಖ್ಯಾರೂಪದ ಮಾತಿಗೆ ಸೆಕೆಂಡಿಗೆ 64,000 ಬಿಟ್ಟುಗಳು ಬೇಕು. ಇದನ್ನು ಉಳಿಸಲೋಸುಗ ಕೇವಲ 8,000 ಬಿಟ್ಟುಗಳಲ್ಲಿ ಮಾತನ್ನು ಅಡಗಿಸುವ ಕ್ರಮಗಳು ಹುಟ್ಟಿದುವು. ತೊಡಕು ಇಲ್ಲಿಯೇ. ಅವು ಮನುಷ್ಯನ ಕಂಠವನ್ನು ಮಾದರಿಯಾಗಿಟ್ಟುಕೊಂಡವು. ಗುಂಡಿಯ ಸ್ವರವು ಕಂಠದಿಂದ ಹೊರಟುದಲ್ಲವಾದ ಕಾರಣ ಅದು ದಾರಿಯಲ್ಲಿ ವಿಕಾರಗೊಳ್ಳುತ್ತಿದ್ದಿತು. ಒಂದು ಅಕ್ಷರ ಬಿದ್ದುಹೋದರೆ ಕೇಳುವವನ ಬುದ್ಧಿಯು ಅದನ್ನು ತುಂಬಿಕೊಳ್ಳುವುದು. ಬ್ಯಾಂಕಿನ ಖಾತೆಯ ಸಂಖ್ಯೆಯಲ್ಲಿ ಒಂದು ಅಂಕೆ ಬಿದ್ದರೆ ತುಂಬುವವರಾರು? 2000ದಲ್ಲಿ ಇದಕ್ಕೊಂದು ಸಾರ್ವತ್ರಿಕ ನಿಯಮವು ಪ್ರಕಟವಾಯಿತು: ಸ್ವರವನ್ನು ಕಳುಹಿಸುವುದಕ್ಕೆ ಬದಲಾಗಿ ‘ಇಂಥ ಅಂಕೆಯನ್ನು ಒತ್ತಿದರು’ ಎಂಬ ಸಂದೇಶವನ್ನೇ ಬೇರೆಯಾಗಿ, ಒಂದಕ್ಕಿಂತ ಹೆಚ್ಚು ಸಲ ಕಳುಹಿಸತಕ್ಕದ್ದು. ಹೊಸ ಮಾರ್ಗವನ್ನು ಯಂತ್ರಗಳಿಗೆ ಯೋಗ್ಯವಾಗಿಸಿದುದು ಅಗ್ಗದ ದರಕ್ಕಿಂತಲೂ ಈ ಸಣ್ಣ ನಿಯಮವೆಂದೇ ನನ್ನ ಮತ.

ನಮ್ಮ ದೇಶದಲ್ಲಿ ಮೊದಮೊದಲು ಆಯ್ಕೆಯ ಪ್ರಶ್ನೆಯೇ ಇರಲಿಲ್ಲ. ಇಂಟರ್‌ನೆಟ್ ದೂರವಾಣಿಗೆ 2002ರ ಏಪ್ರಿಲಿನಲ್ಲಿ ಅನುಮತಿ ದೊರೆಯಿತು, ಅದೂ ಮಿತವಾಗಿ.

ಹಳೆಯ ತಂತಿಯ ಒಂದು ಗುಣವನ್ನು ಮಾತ್ರ ಹೊಸದು ತಾನಾಗಿ ಪಡೆಯಲಿಲ್ಲ. ವಿನಿಮಯಕೇಂದ್ರದ ಬ್ಯಾಟರಿಯಿಂದ ಸುಮಾರು 48 ವೋಲ್ಟುಗಳ ಶಕ್ತಿಯು ಅದೇ ತಂತಿಯಲ್ಲಿ ಹರಿಯುವುದರಿಂದ, ಮನೆಯ ದೀಪ ಆರಿದರೂ ದೂರವಾಣಿ ಆರದು. ಇಂಟರ್‌ನೆಟ್ಟಿನ ಉಪಕರಣಕ್ಕೆ ಮನೆಯಲ್ಲಿಯೇ ಬ್ಯಾಟರಿ ಬೇಕು. ಇಷ್ಟಿದ್ದರೂ ಫ್ರಾನ್ಸಿನಲ್ಲಿ 2018ರ ನವೆಂಬರಿನಿಂದ ಹಳೆಯ ವಿಧಾನದ ಹೊಸ ಸಂಪರ್ಕಗಳನ್ನು ಕೊಡುವುದನ್ನು ನಿಲ್ಲಿಸಿದರು.