ಸಮಮೊತ್ತದ ಅಂಕಭದ್ರಗಳು ಮತ್ತು ಪಾಠಶೋಧನೆ

ನಂಜನಗೂಡಿನ ಶ್ರೀಕಂಠೇಶ್ವರ ದೇವಾಲಯದಲ್ಲಿ ರಾಣಿಯರೊಡನೆ ಭಕ್ತವಿಗ್ರಹವಾಗಿ ನಿಂತಿರುವ ಮುಮ್ಮಡಿ ಕೃಷ್ಣರಾಜ ಒಡೆಯರು (೧೭೯೪–೧೮೬೮) ಅಂಕವಿನೋದದಲ್ಲಿಯೂ ಆಸಕ್ತರಾಗಿದ್ದರು. ಅವರ ಶ್ರೀತತ್ತ್ವನಿಧಿಯ ಒಂಬತ್ತು ನಿಧಿಗಳಲ್ಲಿ ಒಂದಾದ ಕೌತುಕನಿಧಿ ಆಟಗಳನ್ನು ಕುರಿತದ್ದು. ಚದುರಂಗದ ಮನೆಗಳನ್ನೆಲ್ಲ ಕುದುರೆಯ ನಡೆಯಿಂದ ಒಂದೊಂದೇ ಬಾರಿ ಮುಟ್ಟುವ ಸಮಸ್ಯೆ ಅವರಿಗೆ ಪ್ರಿಯವಾಗಿತ್ತು.

ಆ ನಡೆಗೆ ೧ರಿಂದ ೬೪ರವರೆಗೆ ಅಂಕವಿತ್ತರೆ ಒಟ್ಟು ಮೊತ್ತ ೨೦೮೦. ಎಂಟು ಸಾಲುಗಳಿಗೆ ಸಮನಾಗಿ ಹಂಚಿದರೆ ೨೬೦. ಅಡ್ಡಸಾಲು, ಕಂಬಸಾಲುಗಳೆಲ್ಲವೂ ೨೬೦ ಆಗುವ ನಡೆಗಳುಂಟು. ಎರಡು ಕರ್ಣಗಳೂ ಹಾಗಾಗುವ ನಡೆ ಇಲ್ಲವೆಂಬುದು ೨೦೦೩ರಲ್ಲಿ ಗಣಕಯಂತ್ರದಿಂದ ನಿರ್ಧಾರವಾಯಿತು.

ಈ ವಿದ್ಯೆ ಜೈನಪರಂಪರೆಗೂ ಪರಿಚಿತ. ಹದಿನಾಲ್ಕನೆಯ ಶತಮಾನದ ಠಕ್ಕುರ ಫೇರು ಗಣಿತಸಾರಕೌಮುದಿಯಲ್ಲಿ ಇದನ್ನು ನಿರೂಪಿಸಿದ್ದಾನೆ. ಖಜುರಾಹೋದ ಪಾರ್ಶ್ವನಾಥ ಜಿನಾಲಯದಲ್ಲಿ ೩೪ ಮೊತ್ತದ ಭದ್ರವನ್ನು ಕೊರೆಯಲಾಗಿದೆ. ಅದರ ಎರಡನೆಯ ಸಾಲು ೨, ೧೩, ೮, ೧೧. ಪ್ರತಿ ಮಾಡುವ ಲಿಪಿಕಾರನು ೧೩ನ್ನು ೧೨ ಎಂದು ಬರೆದನೆನ್ನೋಣ. ಕನ್ನಡದ ೨, ೩ ಅಂಕಿಗಳ ಸಾಮ್ಯದಿಂದ ಇದು ಸುಲಭಸಾಧ್ಯ. ಆಗ ಆ ಅಡ್ಡಸಾಲೂ ಎರಡನೆಯ ಕಂಬಸಾಲೂ ೩೩ ಆಗುತ್ತವೆ. ಅವು ಸಂಧಿಸುವ ಮನೆಯೇ ದೋಷಸ್ಥಾನ. ಒಂದರ ಕೊರತೆಯೇ ಶುದ್ಧಪಾಠದ ಸೂಚಕ.

ಆದರೆ ಮೊತ್ತವೊಂದೇ ಪ್ರಮಾಣವಲ್ಲ. ಕುದುರೆಯ ನಡೆಯ ಭದ್ರದಲ್ಲಿ ಎರಡು ಅಡ್ಡಸಾಲುಗಳು ಪಲ್ಲಟವಾದರೂ ೨೬೦ ಕೆಡದು. ನಡೆ ಮಾತ್ರ ಮುರಿಯುತ್ತದೆ. ಆದುದರಿಂದ ನಂಜನಗೂಡು, ತಿರುಮಕೂಡಲು ನರಸೀಪುರ ಮೊದಲಾದೆಡೆಯ ಹಳೆಯ ಕಟ್ಟುಗಳಲ್ಲಿ ಇಂತಹ ಭದ್ರ ದೊರೆತರೆ ಸಂಪಾದಕನು ಮೊತ್ತವನ್ನೂ ಕ್ರಮವನ್ನೂ ಪರೀಕ್ಷಿಸಿ, ತಿದ್ದುವ ಮುನ್ನ ಪ್ರತಿಯಲ್ಲಿದ್ದ ಅಂಕವನ್ನು ದಾಖಲಿಸುವುದು ಯುಕ್ತ. ತಪ್ಪಿದ ಅಂಕವೂ ಪ್ರತಿಗಳ ಸಂಬಂಧವನ್ನು ತಿಳಿಸುವ ಸಾಕ್ಷಿಯಾಗಬಲ್ಲದು.