ಅಗ್ನಿಪ್ರಳಯಾನಂತರದ ಲಂಡನ್: ಗೃಹನಿರ್ಮಾಣದ ಅನುಮತಿ ಮತ್ತು ಕರಾರು

ಮನೆ ಕಟ್ಟಿಸುವವನು ಎರಡು ಪತ್ರಗಳಿಗೆ ಬದ್ಧನಾಗುತ್ತಾನೆ. ಒಂದು, ನಗರಾಡಳಿತವು ಕೊಡುವ ಅನುಮತಿಪತ್ರ. ಮತ್ತೊಂದು, ಕಟ್ಟುವ ಕಸಬುದಾರನೊಡನೆ ಅವನು ಮಾಡಿಕೊಳ್ಳುವ ಕರಾರುಪತ್ರ. ಮೊದಲನೆಯದು ನೆರೆಹೊರೆಯ ಹಿತವನ್ನು ಕಾಯತಕ್ಕದ್ದು. ಎರಡನೆಯದು ಕರಾರಿನ ಉಭಯ ಪಕ್ಷಗಳ ಹಿತವನ್ನು. ಒಂದರ ಕೊರತೆಯನ್ನು ಮತ್ತೊಂದು ತುಂಬಬಲ್ಲುದೆ ಎಂಬ ಪ್ರಶ್ನೆಯನ್ನು, ಬೆಂಕಿಗೆ ಆಹುತಿಯಾದ ಲಂಡನ್ ನಗರವು ಮರಳಿ ಎದ್ದುನಿಂತ ಬಗೆಯನ್ನು ಆಧಾರವಾಗಿಟ್ಟುಕೊಂಡು ನಾವು ಇಲ್ಲಿ ವಿವೇಚಿಸಬಯಸುತ್ತೇವೆ.

1666ರ ಸೆಪ್ಟೆಂಬರ್ 2ರಂದು ಪುಡ್ಡಿಂಗ್ ಲೇನಿನ ಒಂದು ರೊಟ್ಟಿ ಅಂಗಡಿಯಲ್ಲಿ ಹೊತ್ತಿದ ಬೆಂಕಿಯು ನಾಲ್ಕೈದು ದಿನಗಳಲ್ಲಿ ಸುಮಾರು 13,200 ಮನೆಗಳನ್ನು ಬೂದಿಮಾಡಿತು. ಒಡನೆಯೇ ತಲೆದೋರಿದ ಸಮಸ್ಯೆಯು ಇಟ್ಟಿಗೆ ಗಾರೆಗಳದಲ್ಲ, ಹಳೆಯ ಕರಾರುಗಳದು. ಲಂಡನ್ನಿನ ಅನೇಕ ನಿವಾಸಿಗಳು ಗುತ್ತಿಗೆಯ ಮೇಲೆ ಮನೆ ಹಿಡಿದವರು. ಮನೆಯನ್ನು ಸುಸ್ಥಿತಿಯಲ್ಲಿಡುವ ಹೊಣೆಯನ್ನು ಅವರಲ್ಲಿ ಬಹುಮಂದಿ ಬರವಣಿಗೆಯಲ್ಲಿ ಒಪ್ಪಿಕೊಂಡಿದ್ದರು. ಅಕ್ಷರಶಃ ನೋಡಿದರೆ, ಸರ್ವಸ್ವವನ್ನೂ ಕಳೆದುಕೊಂಡವನು ಇಲ್ಲದ ಮನೆಗೆ ಬಾಡಿಗೆ ತೆರುತ್ತ, ಅದನ್ನು ಸ್ವಂತ ಹಣದಿಂದ ಮತ್ತೆ ಕಟ್ಟಿಕೊಡಬೇಕಾಗಿತ್ತು. ಇಂತಹ ವ್ಯಾಜ್ಯಗಳ ತೀರ್ಮಾನಕ್ಕಾಗಿ 1667ರಲ್ಲಿ 'ಫೈರ್ ಕೋರ್ಟ್' ಎಂಬ ವಿಶೇಷ ನ್ಯಾಯಸ್ಥಾನವು ಸ್ಥಾಪಿತವಾಯಿತು. ಯಾರು ಕಟ್ಟಲು ಸಮರ್ಥರೋ ಅವರಿಗೆ ಗುತ್ತಿಗೆಯ ಅವಧಿಯನ್ನು ಹೆಚ್ಚಿಸಿ, ಬಾಡಿಗೆಯನ್ನು ಇಳಿಸಿ, ನಷ್ಟವನ್ನು ಉಭಯರಿಗೂ ಹಂಚುವ ಅಧಿಕಾರವು ನ್ಯಾಯಾಧೀಶರಿಗಿದ್ದಿತು. ಕರಾರಿನ ಅಕ್ಷರಕ್ಕಿಂತ ನ್ಯಾಯದೃಷ್ಟಿಯು ಇಲ್ಲಿ ಮೇಲಾಯಿತು.

ಅದೇ ವರ್ಷದ ಪುನರ್ನಿರ್ಮಾಣ ಶಾಸನವು ಮನೆಗಳನ್ನು ನಾಲ್ಕು ವರ್ಗಗಳಾಗಿ ವಿಂಗಡಿಸಿತು. ಓಣಿಗಳಲ್ಲಿ ಎರಡು, ಸಾಧಾರಣ ಬೀದಿಗಳಲ್ಲಿ ಮೂರು, ರಾಜಬೀದಿಗಳಲ್ಲಿ ನಾಲ್ಕು ಅಂತಸ್ತುಗಳೆಂದು ನಿಯಮವಾಯಿತು. ಶ್ರೀಮಂತರ ಮಹಾಗೃಹಗಳು ನಾಲ್ಕನೆಯ ವರ್ಗಕ್ಕೆ ಸೇರಿದುವು. ಹೊರಗೋಡೆಗಳು ಇಟ್ಟಿಗೆಯದೋ ಕಲ್ಲಿನದೋ ಆಗಿರಬೇಕು. ಅವುಗಳ ದಪ್ಪವೂ ಗೊತ್ತಾಗಿದ್ದಿತು. ಕಟ್ಟಬಯಸುವವನು ನಗರದ ಬೊಕ್ಕಸಕ್ಕೆ 6 ಷಿಲ್ಲಿಂಗ್ 8 ಪೆನ್ಸ್ ತೆತ್ತು, ರಸೀತಿಯನ್ನು ನಗರದ ಸರ್ವೇಯರನಿಗೆ ಒಪ್ಪಿಸಬೇಕು. ಆತನು ನಿವೇಶನಕ್ಕೆ ಬಂದು ಅಳೆದು ಗೂಟ ನೆಟ್ಟು ತಳಪಾಯವನ್ನು ಗುರುತಿಸಿಕೊಡುವನು. ಈ ಕಾರ್ಯದಲ್ಲಿ ದುಡಿದವರು ಪೀಟರ್ ಮಿಲ್ಸ್, ಜಾನ್ ಆಲಿವರ್ ಹಾಗೂ ವಿಜ್ಞಾನಿಯೆಂದು ಪ್ರಖ್ಯಾತನಾದ ರಾಬರ್ಟ್ ಹೂಕ್. ಮಿಲ್ಸ್ ಮತ್ತು ಆಲಿವರರ ಅಳತೆಯ ದಾಖಲೆಗಳು ಉಳಿದುಬಂದಿವೆ. ಗೂಟ ಕಿತ್ತವನಿಗೆ ಮೂರು ತಿಂಗಳ ಸೆರೆ ಅಥವಾ 10 ಪೌಂಡು ದಂಡ. ಅವನು ಬಡವನಾದರೆ ಅದೇ ಸ್ಥಳದಲ್ಲಿ ಛಡಿಯೇಟು. ಒಂದೇ ತಪ್ಪಿಗೆ ಅಂತಸ್ತನ್ನು ನೋಡಿ ಎರಡು ಬಗೆಯ ಶಿಕ್ಷೆ ವಿಧಿಸಿದ ಈ ನಿಯಮವು ಆ ಕಾಲದ ಸಮಾಜವನ್ನು ನಮಗೆ ಚೆನ್ನಾಗಿ ಪರಿಚಯಿಸುತ್ತದೆ.

ನಡುಗೋಡೆಯ ನಿಯಮವು ವಿಶೇಷ ಗಮನಾರ್ಹವಾದುದು. ಎರಡು ನಿವೇಶನಗಳ ಮೇಲೂ ಸಮವಾಗಿ ನಿಲ್ಲುವ ಗೋಡೆಯನ್ನು ಮೊದಲು ಕಟ್ಟಿದವನಿಗೆ, ನೆರೆಯವನು ತಾನು ಕಟ್ಟುವಾಗ ಅದರ ಅರ್ಧ ವೆಚ್ಚವನ್ನು ನೂರಕ್ಕೆ 6ರಂತೆ ಬಡ್ಡಿಸಹಿತ ತೆರಬೇಕಾಗಿತ್ತು. ಪರಸ್ಪರ ಕರಾರು ಮಾಡಿಕೊಳ್ಳದ ನೆರೆಯವರ ನಡುವೆ ಶಾಸನವೇ ಒಂದು ಕರಾರನ್ನು ಏರ್ಪಡಿಸಿದಂತಾಯಿತು.

ಇನ್ನು ಕಟ್ಟುವವರ ವಿಚಾರ. ನಗರದ ವೃತ್ತಿಸಂಘಗಳಿಗೆ ಸೇರದ ಕಸಬುದಾರರಿಗೂ ಏಳು ವರ್ಷಗಳ ಕಾಲ ದುಡಿಯಲು ಶಾಸನವು ಅವಕಾಶ ಕೊಟ್ಟಿತು. ಆದರೆ ಅವರೊಡನೆ ಎಂತಹ ಒಪ್ಪಂದ ಮಾಡಿಕೊಳ್ಳಬೇಕೆಂಬುದು ಕಟ್ಟಿಸುವವನ ವಿವೇಕಕ್ಕೆ ಬಿಟ್ಟ ವಿಷಯ. ನಗರದ ಪುನರ್ನಿರ್ಮಾಣದಲ್ಲಿ ಪ್ರಮುಖನಾಗಿದ್ದ ಕ್ರಿಸ್ಟೋಫರ್ ರೆನ್ನನು 1681ರಲ್ಲಿ, ಆಕ್ಸ್‌ಫರ್ಡಿನ ಒಂದು ಗೋಪುರದ ಕೆಲಸವನ್ನು ಕುರಿತು ಬಿಷಪ್ ಜಾನ್ ಫೆಲ್ಲನಿಗೆ ಬರೆದ ಪತ್ರದಲ್ಲಿ ಈ ಒಪ್ಪಂದಗಳ ಮೂರು ಬಗೆಗಳನ್ನು ತೂಗಿನೋಡಿದ್ದಾನೆ: ದಿನಗೂಲಿ, ಅಳತೆಯ ಲೆಕ್ಕ, ಇಡಿಗುತ್ತಿಗೆ. ದಿನಗೂಲಿಯಲ್ಲಿ ಸೋಮಾರಿತನದ ಮೇಲೆ ಕಣ್ಣಿಡಬೇಕು. ಇಡಿಗುತ್ತಿಗೆಯು ಎಲ್ಲವನ್ನೂ ಮುಂಗಾಣಬಲ್ಲ ಕೆಲಸಕ್ಕೆ ಮಾತ್ರ ತಕ್ಕುದು. ದರವನ್ನು ಮೊದಲೇ ಗೊತ್ತುಮಾಡಿ, ಕೆಲಸ ಏರಿದಂತೆಲ್ಲ ಅಳೆದು ಹಣ ಕೊಡುವುದೇ ಲೇಸು. ಆದರೆ ಅಳೆಯುವವನು ಬಲ್ಲವನೂ ನಂಬಿಕಸ್ತನೂ ಆಗಿರಬೇಕು ಎಂಬುದು ಆತನ ಅಭಿಪ್ರಾಯದ ಸಾರ.

ಇವೆಲ್ಲವನ್ನೂ ಪರ್ಯಾಲೋಚಿಸಿದಾಗ ನಮಗೆ ಹೊಳೆಯುವುದಿಷ್ಟು. ಅನುಮತಿಯು ಗೋಡೆಯ ಸ್ಥಾನವನ್ನೂ ದಪ್ಪವನ್ನೂ ನಿರ್ಣಯಿಸಿತು. ಆ ಗೋಡೆಯ ಒಳಗಿನ ಗಾರೆಯ ಪ್ರಾಮಾಣಿಕತೆಯು ಬಹುಮಟ್ಟಿಗೆ ಕರಾರಿಗೇ ಸೇರಿದುದಾಗಿತ್ತು. ಕರಾರೊಂದನ್ನೇ ನಂಬಿದ್ದರೆ ನೆಲೆ ತಪ್ಪಿದ ಗುತ್ತಿಗೆದಾರನು ಬೀದಿಗೆ ಬೀಳುತ್ತಿದ್ದನು. ಅನುಮತಿಯೊಂದನ್ನೇ ನಂಬಿದ್ದರೆ ಬೀದಿಗಳು ನೇರವಾಗುತ್ತಿದ್ದುವೇ ಹೊರತು ಮನೆಗಳ ಗಟ್ಟಿತನಕ್ಕೆ ಭರವಸೆಯಿರುತ್ತಿರಲಿಲ್ಲ. ಎರಡು ಪತ್ರಗಳ ನಡುವೆ ನಿಂತವನು ಅಳತೆಗೋಲು ಹಿಡಿದ ಮನುಷ್ಯ. ಆತನ ಕೋಲು ನೆಟ್ಟಗಿದ್ದಲ್ಲದೆ ಅನುಮತಿಗೂ ಬೆಲೆಯಿಲ್ಲ, ಕರಾರಿಗೂ ಬೆಲೆಯಿಲ್ಲ.