ಎಡಿಎಚ್‌ಡಿ: ಹೆರಿಗೆಯ ತೊಡಕು ಮತ್ತು ಔಷಧ ಚಿಕಿತ್ಸೆ

ಗಮನದ ಕೊರತೆ, ಒಂದೆಡೆ ನಿಲ್ಲದ ಚಟುವಟಿಕೆ ಹಾಗೂ ದುಡುಕು ಎಡಿಎಚ್‌ಡಿಯ ಮುಖ್ಯ ಲಕ್ಷಣಗಳು. ಮಗುವಿನಲ್ಲಿ ಇವು ಕಂಡಾಗ ಹೆರಿಗೆಯಲ್ಲಿ ಏನಾಯಿತೆಂಬ ಪ್ರಶ್ನೆ ಏಳುತ್ತದೆ. ಬೆನ್ನಲ್ಲೇ ತಾಯಿಯ ಮೇಲೆ ದೂರೂ ಬರುತ್ತದೆ.

ಈ ಸಂಶಯಕ್ಕೆ ವೈದ್ಯಶಾಸ್ತ್ರವೂ ಹೊಣೆ. 1960ರ ದಶಕದಲ್ಲಿ ಇದನ್ನು ಮಿದುಳಿನ ಅಲ್ಪ ನ್ಯೂನತೆಯೆಂದೇ ಹೆಸರಿಸಲಾಗುತ್ತಿತ್ತು. ಅನುವಂಶೀಯತೆಯ ಪಾಲು ಶೇ 70ರಿಂದ 80ರಷ್ಟಿದೆ ಎಂಬುದನ್ನು ಅವಳಿ ಮಕ್ಕಳ ಅಧ್ಯಯನಗಳು ಅನಂತರ ತೋರಿಸಿದವು. ಹಾಗೆಂದು ಹೆರಿಗೆಗೆ ಸಂಬಂಧವೇ ಇಲ್ಲವೆನ್ನಲಾಗದು. 32 ವಾರ ತುಂಬುವ ಮೊದಲೇ ಅಥವಾ ಒಂದೂವರೆ ಕಿಲೋಗಿಂತ ಕಡಿಮೆ ತೂಕದೊಂದಿಗೆ ಜನಿಸಿದವರಲ್ಲಿ ಈ ತೊಂದರೆಯ ಸಂಭವ ಹೆಚ್ಚು. ಅವರಲ್ಲಿ ಅತಿಚಟುವಟಿಕೆಗಿಂತ ಗಮನದ ಕೊರತೆಯೇ ಪ್ರಧಾನವಾಗಿರುವುದುಂಟು; ‘ಸಾಧು ಮಗು’ ಎನಿಸಿಕೊಂಡು ಚಿಕಿತ್ಸೆಯಿಂದ ಹೊರಗುಳಿಯುವ ಅಪಾಯ ಇಂಥವರಿಗೇ ಅಧಿಕ.

ಪ್ರಚೋದಕ ಔಷಧದಿಂದ ಚಂಚಲ ಮಕ್ಕಳು ಶಾಂತರಾದುದನ್ನು ಅಮೆರಿಕದ ವೈದ್ಯ ಚಾರ್ಲ್ಸ್ ಬ್ರಾಡ್ಲಿ 1937ರಲ್ಲಿ ವರದಿ ಮಾಡಿದರು. ಇಂದು ವ್ಯಾಪಕವಾಗಿ ಬಳಕೆಯಲ್ಲಿರುವ ಮೀಥೈಲ್‌ಫೆನಿಡೇಟ್, ನರಕೋಶಗಳ ನಡುವೆ ಡೋಪಮಿನ್ ಹೆಚ್ಚು ಹೊತ್ತು ಉಳಿಯುವಂತೆ ಮಾಡುತ್ತದೆ. ಜನನಕಾಲದ ಹಾನಿಯನ್ನು ಅದು ಸರಿಪಡಿಸದು; ಗುಳಿಗೆಯ ಪ್ರಭಾವವಿರುವಷ್ಟು ಹೊತ್ತು ಲಕ್ಷಣಗಳು ತಗ್ಗುತ್ತವೆ, ಅಷ್ಟೆ. ಆದ್ದರಿಂದ ಹೆರಿಗೆ ಕಷ್ಟವಾಗಿತ್ತೆಂಬ ಒಂದೇ ಕಾರಣಕ್ಕೆ ಔಷಧ ಆರಂಭಿಸುವುದಾಗಲಿ, ನಿರಾಕರಿಸುವುದಾಗಲಿ ಸಲ್ಲದು. ಆರು ವರ್ಷದೊಳಗಿನವರಿಗೆ ಪೋಷಕರ ತರಬೇತಿಯೇ ಮೊದಲ ಚಿಕಿತ್ಸೆ.

ಆದರೆ ಹೆರಿಗೆಯ ವಿವರವನ್ನು ವೈದ್ಯರಿಂದ ಮುಚ್ಚಿಡಬಾರದು. ಅವಧಿಗೆ ಮುನ್ನ ಜನಿಸಿದ ಮಗುವಿನ ಶ್ರವಣ, ದೃಷ್ಟಿದೋಷವೂ ಗಮನದ ಕೊರತೆಯಂತೆ ತೋರಬಹುದು. ಈ ಔಷಧ ಹಸಿವು, ನಿದ್ರೆಗಳನ್ನು ಕುಗ್ಗಿಸುವುದರಿಂದ, ಮೊದಲೇ ಕೃಶವಾಗಿರುವ ಮಗುವಿನ ತೂಕ, ಎತ್ತರ, ನಾಡಿಬಡಿತ, ರಕ್ತದೊತ್ತಡಗಳನ್ನು ಚಿಕಿತ್ಸೆಗೆ ಮುನ್ನವೂ ಅನಂತರವೂ ತಪ್ಪದೆ ಅಳೆಯಬೇಕಾಗುತ್ತದೆ.